ನಾಗವೇಣಿಯ ಫಲಿತಾಂಶ, ನಕ್ಷೆಯ ಬಾಣ

2022ರ ಮಾರ್ಚ್‌ನಲ್ಲಿ ನಾನು ದಾವಣಗೆರೆಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದೆ. ಮೂರನೇ ಮಹಡಿಯ ಮಾಲಿಕ್ಯುಲರ್ ಲ್ಯಾಬಿನ ಉಸ್ತುವಾರಿಯೂ ನನ್ನದೇ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಸುಳ್ಳು ಫಲಿತಾಂಶವನ್ನು ಮೇಡಂ ವಾಸನೆಯಲ್ಲೇ ಹಿಡಿಯುತ್ತಾರೆ ಎಂದು ವಿಭಾಗದಲ್ಲಿ ನನಗೊಂದು ಹೆಸರಿತ್ತು. ಆ ಹೆಸರು ನನಗೆ ಇಷ್ಟವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಆ ವರ್ಷ ಮೂರು ವಾರಗಳ ಕಾಲ ನನ್ನ ಸಂಶೋಧನಾರ್ಥಿಯೊಬ್ಬಳ ಹಿಂದೆ ನಾನು ಪತ್ತೇದಾರಿಕೆ ಮಾಡಿದೆ. ಅದರ ಕಥೆಯನ್ನು ಈಗ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ವಿವರಣೆ ಬೇಕು. ನಮ್ಮ ಒಂದೊಂದು ಜೀವಕೋಶದೊಳಗೂ ಸಾವಿರಾರು ಪ್ರೋಟೀನುಗಳು ಕೆಲಸ ಮಾಡುತ್ತವೆ. ಒಂದು ಇನ್ನೊಂದನ್ನು ಹೆಚ್ಚಿಸುತ್ತದೆ, ಆ ಇನ್ನೊಂದು ಮತ್ತೊಂದನ್ನು ತಡೆಯುತ್ತದೆ. ಹೀಗೆ ಒಂದರಿಂದ ಒಂದಕ್ಕೆ ಸಾಗುವ ಸರಪಳಿಗೆ ಪಾಥ್‌ವೇ ಎನ್ನುತ್ತೇವೆ. ಜಗತ್ತಿನ ಲ್ಯಾಬುಗಳಲ್ಲಿ ಇಂಥ ಸರಪಳಿಗಳ ಬಗ್ಗೆ ಪ್ರಕಟವಾದದ್ದನ್ನೆಲ್ಲ ಒಟ್ಟುಗೂಡಿಸಿ, ಊರಿನ ರಸ್ತೆಗಳ ನಕ್ಷೆಯಂತೆ ಚಿತ್ರ ಬರೆದು ಇಂಟರ್‌ನೆಟ್ಟಿನಲ್ಲಿಡುವ ಸಂಸ್ಥೆಗಳಿವೆ. ಅವೇ ಪಾಥ್‌ವೇ ಡೇಟಾಬೇಸ್‌ಗಳು. ಅಲ್ಲಿ ಪ್ರೋಟೀನಿಗೊಂದು ಚೌಕ, ಸಂಬಂಧಕ್ಕೊಂದು ಗೆರೆ. ಗೆರೆಯ ತುದಿಯಲ್ಲಿ ಬಾಣವಿದ್ದರೆ ‘ಹೆಚ್ಚಿಸುತ್ತದೆ’ ಎಂದರ್ಥ, ಅಡ್ಡಪಟ್ಟಿ ಇದ್ದರೆ ‘ತಡೆಯುತ್ತದೆ’ ಎಂದರ್ಥ. ಗೆರೆಯ ಮೇಲೆ ಕ್ಲಿಕ್ ಮಾಡಿದರೆ ಅದಕ್ಕೆ ಆಧಾರ ಯಾವ ಪ್ರಬಂಧ ಎಂದು ತೋರಿಸುತ್ತದೆ. ದೊಡ್ಡ ಗ್ರಂಥಾಲಯವಿಲ್ಲದ ನಮ್ಮಂಥ ಊರಿನ ಲ್ಯಾಬಿಗೆ ಇದೊಂದು ವರ. ನಾವು ಯಾವ ಪ್ರಯೋಗವನ್ನೂ ಈ ನಕ್ಷೆ ನೋಡದೆ ಆರಂಭಿಸುತ್ತಿರಲಿಲ್ಲ. ಆದರೆ ಗೆರೆಯ ಮೇಲೆ ಕ್ಲಿಕ್ ಮಾಡಿ ಆಧಾರವನ್ನು ಓದುವ ಅಭ್ಯಾಸ ನನಗೂ ಇರಲಿಲ್ಲ.

ನಾಗವೇಣಿ ಹರಿಹರದವಳು. ಆಗ ಅವಳಿಗೆ ಮೂವತ್ತೆರಡು ವರ್ಷ. ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಖಾಸಗಿ ರಕ್ತಪರೀಕ್ಷೆ ಲ್ಯಾಬಿನಲ್ಲಿ ಆರು ವರ್ಷ ಕೆಲಸ ಮಾಡಿ, ಅದನ್ನು ಬಿಟ್ಟು, ಪಿಎಚ್‌.ಡಿ.ಗೆಂದು ನನ್ನ ಬಳಿ ಸೇರಿದ್ದಳು. ದಿನಾ ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಮರಳುತ್ತಿದ್ದಳು. ಮಾತು ಕಡಿಮೆ, ಕೈಕೆಲಸ ಅಚ್ಚುಕಟ್ಟು.

ಅವಳ ವಿಷಯ ಸಕ್ಕರೆ ಕಾಯಿಲೆಯವರ ಕಾಲಿನ ಮಾಯದ ಹುಣ್ಣು. ಹುಣ್ಣನ್ನು ಶುಚಿ ಮಾಡುವಾಗ ಶಸ್ತ್ರವೈದ್ಯರು ಕತ್ತರಿಸಿ ತೆಗೆಯುವ ಅಂಚಿನ ಚೂರನ್ನು, ರೋಗಿಯ ಒಪ್ಪಿಗೆ ಪಡೆದು, ನಾವು ಫ್ರೀಜರಿನಲ್ಲಿಟ್ಟು ಪರೀಕ್ಷಿಸುತ್ತಿದ್ದೆವು. ಆ ಚೂರಿನಲ್ಲಿ ಎರಡು ಪ್ರೋಟೀನುಗಳನ್ನು ಅಳೆಯಬೇಕಿತ್ತು. ಅವುಗಳ ಉದ್ದದ ಹೆಸರು ಓದುಗರಿಗೆ ಬೇಡ. ಒಂದನ್ನು ‘ಕ’ ಎಂದೂ ಇನ್ನೊಂದನ್ನು ‘ಗ’ ಎಂದೂ ಕರೆಯುತ್ತೇನೆ. ಗಾಯ ಮಾಯಲು ‘ಗ’ ಬೇಕು. ನಕ್ಷೆಯಲ್ಲಿ ‘ಕ’ದಿಂದ ‘ಗ’ಕ್ಕೆ ಒಂದು ಬಾಣವಿತ್ತು. ಅಂದರೆ ‘ಕ’ ಹೆಚ್ಚಾದರೆ ‘ಗ’ವೂ ಹೆಚ್ಚಾಗಬೇಕು.

ಈ ಬಾಣದ ಮೇಲೆ ಒಂದು ದೊಡ್ಡ ಯೋಜನೆಯೇ ನಿಂತಿತ್ತು. ಶಸ್ತ್ರಚಿಕಿತ್ಸಾ ವಿಭಾಗದ ಡಾ. ಶಂಕರಮೂರ್ತಿ ನಾಗವೇಣಿಗೆ ಸಹಮಾರ್ಗದರ್ಶಕರು. ‘ಕ’ವನ್ನು ಹೆಚ್ಚಿಸುವ, ಬೇರೊಂದು ಕಾಯಿಲೆಗೆ ಆಗಲೇ ಬಳಕೆಯಲ್ಲಿರುವ ಮುಲಾಮೊಂದನ್ನು ಈ ಹುಣ್ಣುಗಳಿಗೆ ಹಚ್ಚಿ ನೋಡುವ ಎರಡನೇ ಹಂತಕ್ಕೆ ಅವರು ಅರ್ಜಿ ಸಿದ್ಧಪಡಿಸಿಕೊಂಡಿದ್ದರು. ನಾಗವೇಣಿಯ ಅಂಕಿಗಳು ಬಂದರೆ ಅರ್ಜಿ, ರೋಗಿಗಳ ಮೇಲಿನ ಪ್ರಯೋಗಕ್ಕೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗೆ ಹೋಗಬೇಕಿತ್ತು.

ಮಾರ್ಚ್ ಮೊದಲ ವಾರ ನಾಗವೇಣಿ ಮೂವತ್ತಾರು ರೋಗಿಗಳ ಫಲಿತಾಂಶವನ್ನು ನನ್ನ ಮೇಜಿನ ಮೇಲಿಟ್ಟಳು. ಮೂವತ್ತಮೂರರಲ್ಲಿ ‘ಕ’ ಹೆಚ್ಚಿದ್ದಲ್ಲಿ ‘ಗ’ ಕಡಿಮೆ ಇತ್ತು. ನಕ್ಷೆ ಹೇಳಿದ್ದಕ್ಕೆ ಪೂರಾ ಉಲ್ಟಾ.

ನಾನು ಹಾಳೆಗಳನ್ನು ಎರಡು ಸಲ ತಿರುವಿದೆ. ಉಲ್ಟಾ ಬಂದದ್ದಕ್ಕಿಂತ, ಅಷ್ಟು ಚೊಕ್ಕವಾಗಿ ಉಲ್ಟಾ ಬಂದದ್ದು ನನ್ನನ್ನು ಕಾಡಿತು. ಮನುಷ್ಯರ ಮೈಯಿಂದ ತೆಗೆದ ಚೂರುಗಳು ಹಾಗೆ ಸಾಲಾಗಿ ಮಾತು ಕೇಳುವುದಿಲ್ಲ. ಒಬ್ಬರಿಗೆ ವಯಸ್ಸು, ಒಬ್ಬರಿಗೆ ಸೋಂಕು, ಒಬ್ಬರು ಮಾತ್ರೆ ತಪ್ಪಿಸಿರುತ್ತಾರೆ, ಅಂಕಿಗಳು ಚೆಲ್ಲಾಡುತ್ತವೆ. ಇವು ಚೆಲ್ಲಾಡಿರಲಿಲ್ಲ.

“ಇದು ಹೆಂಗೆ ಬಂತು?” ಎಂದೆ.

“ಬಂದದ್ದು ಹಂಗೇ ಮೇಡಂ. ನನಗೂ ಗೊತ್ತಾಗ್ತಿಲ್ಲ” ಎಂದಳು. ಅವಳು ನನ್ನ ಕಣ್ಣು ನೋಡದೆ ಹಾಳೆ ನೋಡುತ್ತ ಹೇಳಿದ್ದು ನನಗೆ ಸರಿ ಕಾಣಲಿಲ್ಲ.

ಮರುದಿನ ಶಂಕರಮೂರ್ತಿಯವರಿಗೆ ವಿಷಯ ತಿಳಿಸಿದೆ. ಅವರು ಎದ್ದು ಬಾಗಿಲು ಮುಂದಕ್ಕೆ ಮಾಡಿ ಬಂದು ಕೂತರು.

“ಆ ಹುಡುಗಿ ಮೊದಲು ಎಲ್ಲಿದ್ಲು ಅಂತ ವಿಚಾರಿಸೀರೇನ್ರಿ ಮೇಡಂ? ಆ ಲ್ಯಾಬಿನಾಗೆ ಟೆಸ್ಟೇ ಮಾಡದೆ ರಿಪೋರ್ಟ್ ಬರೆದು ಕೊಡ್ತಿದ್ರು ಅಂತ ಸುದ್ದಿ ಐತೆ. ಅದು ಹೊರಗೆ ಬರೋ ಟೈಮಿಗೇ ಈಕಿ ಬಿಟ್ಟು ಬಂದಾಳೆ. ನಾ ಏನೂ ಹೇಳಲ್ಲ. ನೀವು ನೋಡ್ಕೊಳ್ರಿ.”

ಏನೂ ಹೇಳಲ್ಲ ಎಂದು ಅವರು ಹೇಳಬೇಕಾದ್ದನ್ನೆಲ್ಲ ಹೇಳಿದ್ದರು. ಆ ದಿನದಿಂದ ನಾಗವೇಣಿ ಏನು ಮಾಡಿದರೂ ನನಗೆ ಅದರಲ್ಲೊಂದು ಅರ್ಥ ಕಾಣತೊಡಗಿತು. ಅವಳು ಪ್ರೋಟೀನ್ ಅಳೆಯುವ ಜೆಲ್ ಕೋಣೆಯ ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತಿದ್ದಳು. ಮೊದಲು ಅದು ಎಸಿ ಗಾಳಿ ಹೊರಹೋಗದಿರಲಿ ಎಂಬುದಕ್ಕೆ. ಈಗ ಯಾರೂ ನೋಡದಿರಲಿ ಎಂಬುದಕ್ಕೆ. ನಾನು ಒಳಗೆ ಹೋದರೆ ನೋಟ್‌ಬುಕ್ ಮುಚ್ಚುತ್ತಿದ್ದಳು. ಕೇಳಿದರೆ ಉತ್ತರ ಕೊಡುವ ಮುಂಚೆ ಒಂದು ಕ್ಷಣ ತಡೆಯುತ್ತಿದ್ದಳು. ಆಕೆಯ ಸ್ವಭಾವವೇ ಹಾಗೆಂದು ಎರಡು ವರ್ಷದಿಂದ ಕಂಡಿದ್ದೆ. ಆದರೂ ಈಗ ಅದು ಸಾಕ್ಷಿಯಂತೆ ಕಂಡಿತು.

ಒಂದು ಶನಿವಾರ ಅವಳು ರಜೆ ಹಾಕಿದ್ದಳು. ನಾನು ಒಬ್ಬಳೇ ಲ್ಯಾಬಿಗೆ ಹೋಗಿ ಎರಡು ಪರೀಕ್ಷೆ ನಡೆಸಿದೆ.

ಮೊದಲನೆಯದು ಇಮೇಜರ್ ಯಂತ್ರದ್ದು. ನಾವು ಪ್ರೋಟೀನ್ ಅಳೆಯುತ್ತಿದ್ದ ವಿಧಾನಕ್ಕೆ ವೆಸ್ಟರ್ನ್ ಬ್ಲಾಟ್ ಎಂದು ಹೆಸರು. ಚೂರಿನ ಪ್ರೋಟೀನುಗಳನ್ನು ಜೆಲ್‌ನಲ್ಲಿ ಬೇರ್ಪಡಿಸಿ, ತೆಳ್ಳನೆಯ ಪೊರೆಗೆ ಇಳಿಸಿ, ನಮಗೆ ಬೇಕಾದ ಪ್ರೋಟೀನಿಗೆ ಮಾತ್ರ ಅಂಟುವ ಆಂಟಿಬಾಡಿ ಹಾಕುತ್ತೇವೆ. ಅಂಟಿದ ಕಡೆ ಒಂದು ಪಟ್ಟಿ ಹೊಳೆಯುತ್ತದೆ. ಪಟ್ಟಿ ದಪ್ಪಗಿದ್ದಷ್ಟೂ ಪ್ರೋಟೀನ್ ಹೆಚ್ಚು. ಇಮೇಜರ್ ಆ ಪಟ್ಟಿಯ ಫೋಟೊ ತೆಗೆಯುತ್ತದೆ. ತೆಗೆದ ಪ್ರತಿ ಫೋಟೊದ ದಿನ, ಗಂಟೆ ಅದರ ನೆನಪಿನಲ್ಲಿ ಉಳಿಯುತ್ತದೆ. ಅಳಿಸಲು ನನ್ನ ಪಾಸ್‌ವರ್ಡ್ ಬೇಕು. ಆ ದಿನ, ಗಂಟೆಗಳನ್ನು ನಾಗವೇಣಿಯ ನೋಟ್‌ಬುಕ್ಕಿನ ಜೊತೆ ತಾಳೆ ನೋಡಿದೆ. ಎಲ್ಲವೂ ಕೂಡಿತು, ಒಂದನ್ನು ಬಿಟ್ಟು. ಹಿಂದಿನ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ತೆಗೆದ ಒಂದು ಫೋಟೊ ನೋಟ್‌ಬುಕ್ಕಿನಲ್ಲಿ ಎಲ್ಲೂ ಇರಲಿಲ್ಲ.

ಎರಡನೆಯದು ಫ್ರೀಜರಿನದು. ಒಬ್ಬ ರೋಗಿಗೆ ಎರಡರಂತೆ, ಚೂರುಗಳನ್ನಿಟ್ಟ ಎಪ್ಪತ್ತೆರಡು ಟ್ಯೂಬ್ ಇರಬೇಕು. ಪೆಟ್ಟಿಗೆಯ ಮುಚ್ಚಳ ತೆಗೆದು ಪಕ್ಕಕ್ಕಿಟ್ಟು ಎಣಿಸಿದೆ. ಅರವತ್ತಿದ್ದವು. ಮತ್ತೆ ಎಣಿಸಿದೆ. ಅರವತ್ತೇ.

ಸೋಮವಾರ ಅವಳನ್ನು ನನ್ನ ಕೋಣೆಗೆ ಕರೆದೆ. ಹನ್ನೆರಡು ಟ್ಯೂಬಿನ ಮಾತು ಎತ್ತಲಿಲ್ಲ. ಅದನ್ನು ಕೈಯಲ್ಲಿ ಉಳಿಸಿಕೊಂಡು, ಫೋಟೊದ ವಿಷಯ ಮಾತ್ರ ಕೇಳಿದೆ. ಒಂದನ್ನು ಕೇಳಿ ಇನ್ನೊಂದನ್ನು ಬಚ್ಚಿಟ್ಟುಕೊಳ್ಳುವುದು ವಿಚಾರಣೆ ಮಾಡುವವರ ಹಳೆಯ ಉಪಾಯ.

“ಭಾನುವಾರದ ಬ್ಲಾಟ್ ಯಾರದು?”

ಅವಳ ಮುಖ ಕೆಂಪಾಯಿತು. “ನಂದೇ ಮೇಡಂ.”

“ನೋಟ್‌ಬುಕ್ಕಿನಲ್ಲಿ ಯಾಕಿಲ್ಲ?”

“ನಕ್ಷೆ ಹೇಳಿದಂಗ ಬರ್ತೈತೇನೋ ಅಂತ ಇನ್ನೊಂದ್ ಸಲ ಮಾಡಿ ನೋಡ್ದೆ. ಬರ್ಲಿಲ್ಲ. ಮೊದಲಿನಂಗೇ ಬಂತು. ನನ್ನ ಕೈ ಮ್ಯಾಲೆ ನನಗೇ ನಂಬಿಕೆ ಇಲ್ಲ ಅಂತ ಬರೆದಿಡೋದು ಹೆಂಗೆ ಅಂತ ಬರೀಲಿಲ್ಲ.”

“ಬರ್ಲಿಲ್ಲ ಅಂತ ಈಗ ಹೇಳ್ತೀಯ. ಬಂದಿದ್ರೂ ಬಚ್ಚಿಡಬಹುದಿತ್ತು.”

“ಫೋಟೊ ಐತಲ್ರಿ. ನೀವೇ ನೋಡ್ರಿ.”

ನಾನು ಆ ಫೋಟೊ ನೋಡಿದ್ದೆ. ಅವಳು ಹೇಳಿದಂತೆಯೇ ಇತ್ತು. ಆದರೆ ಜೆಲ್‌ನ ಯಾವ ಕುಳಿಯಲ್ಲಿ ಯಾವ ರೋಗಿಯ ಚೂರು ಹಾಕಿದ್ದಾಳೆಂದು ಬರೆದಿಟ್ಟಿರದ ಮೇಲೆ ಆ ಫೋಟೊದಿಂದ ಏನೂ ಸಾಬೀತಾಗುವುದಿಲ್ಲ. ನಾನು ಲ್ಯಾಬಿನ ಬೀಗದ ಕೈಯನ್ನು ಮೇಜಿನ ಮೇಲಿಡಲು ಹೇಳಿದೆ. ತಿಂಗಳ ಕೊನೆಗೆ ಅವಳ ಪ್ರಗತಿ ಪರಿಶೀಲನಾ ಸಭೆ ಇತ್ತು. ಅಲ್ಲಿ ನಾನು ‘ಅತೃಪ್ತಿಕರ’ ಎಂದು ಬರೆದರೆ ನೋಂದಣಿ ರದ್ದಾಗುವ ಸಂಭವವಿತ್ತು. ಅದು ಅವಳಿಗೂ ಗೊತ್ತಿತ್ತು. ಬೀಗದ ಕೈ ಇಟ್ಟು, ಬ್ಯಾಗು ತೆಗೆದುಕೊಂಡು ಹೋದಳು.

ಮೂರು ದಿನ ಅವಳು ಬರಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ನನ್ನ ಅನುಮಾನ ಗಟ್ಟಿಯಾಗುತ್ತ ಹೋಯಿತು. ಹನ್ನೆರಡು ಟ್ಯೂಬ್ ಎಲ್ಲಿ ಹೋದವು? ನಕ್ಷೆಯಂತೆ ಬಂದ ಚೂರುಗಳನ್ನು ಮಾಯ ಮಾಡಿ ಉಳಿದವನ್ನಷ್ಟೇ ತೋರಿಸಿದ್ದಾಳೆಯೇ? ಆದರೆ ಫಲಿತಾಂಶ ಉಲ್ಟಾ ಬಂದರೆ ಅವಳಿಗೇನು ಲಾಭ ಎಂಬ ಪ್ರಶ್ನೆಯೂ ಬರುತ್ತಿತ್ತು. ಅದಕ್ಕೂ ಉತ್ತರ ಕಟ್ಟಿಕೊಂಡೆ: ಎಲ್ಲರೂ ಹೇಳಿದ್ದಕ್ಕೆ ವಿರುದ್ಧವಾದದ್ದು ಕಂಡುಹಿಡಿದರೆ ಹೆಸರು ಬರುತ್ತದಲ್ಲ. ಅನುಮಾನಕ್ಕೆ ಬೇಕಾದ ಉತ್ತರವನ್ನು ಅನುಮಾನವೇ ಹುಟ್ಟಿಸಿಕೊಳ್ಳುತ್ತದೆ.

ಶುಕ್ರವಾರ ಬೆಳಿಗ್ಗೆ, ಪ್ರವೇಶದ ಅರ್ಜಿಯಲ್ಲಿದ್ದ ವಿಳಾಸ ಬರೆದುಕೊಂಡು ನಾನೇ ಹರಿಹರಕ್ಕೆ ಹೋದೆ. ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಬಾಗಿಲು ತೆರೆದವರು ನಾಗವೇಣಿಯ ತಾಯಿ ಹಾಲಮ್ಮ. ಅಂಗನವಾಡಿ ಕಾರ್ಯಕರ್ತೆಯಾಗಿ ನಿವೃತ್ತರಾದವರು. ನಾನು ಯಾರೆಂದು ಹೇಳಿದ ಕೂಡಲೆ ಅವರ ಮುಖ ಅರಳಿತು.

“ಬರ್ರಿ ಬರ್ರಿ, ಕೂಡ್ರಿ. ಅಕಿಗೆ ಜ್ವರ ಅಂತ ನೋಡಾಕ ಇಷ್ಟು ದೂರ ಬಂದ್ರೇನ್ರಿ. ಫೋನು ಕೆಟ್ಟು ಕೂತೈತಿ. ಇವತ್ತು ಇಳಿದೈತಿ ಜ್ವರ. ಮಲಗ್ಯಾಳ, ಎಬ್ಬಿಸ್ತೀನಿ.”

ಜ್ವರದ ಸುದ್ದಿ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದು ಬಂದವಳಂತೆ ತಲೆಯಾಡಿಸಿದೆ. ನಂತರ ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕೋಣೆಯ ಮೂಲೆಯಲ್ಲಿ ಒಂದು ಹಳೆಯ ಫ್ರಿಡ್ಜ್ ಇತ್ತು. ಮೈನಸ್ ಎಂಬತ್ತು ಡಿಗ್ರಿಯಲ್ಲಿರಬೇಕಾದ ಚೂರುಗಳನ್ನು ಮನೆಯ ಫ್ರಿಡ್ಜಿನಲ್ಲಿಟ್ಟರೆ ಕೆಟ್ಟುಹೋಗುತ್ತವೆ, ಹಾಗೆ ಯಾರೂ ಇಡುವುದಿಲ್ಲ ಎಂದು ಗೊತ್ತಿದ್ದೂ, “ತಣ್ಣನೆ ನೀರಿದ್ರೆ ಕೊಡ್ರಿ” ಎಂದು ಕೇಳಿದೆ. ಅವರು ಬಾಗಿಲು ತೆಗೆದಾಗ ಕತ್ತು ಚಾಚಿ ನೋಡಿದೆ. ಮೊಸರಿನ ಪಾತ್ರೆ, ದೋಸೆ ಹಿಟ್ಟು, ಕಾಗದದಲ್ಲಿ ಸುತ್ತಿದ ಕರಿಬೇವು.

ಹಾಲಮ್ಮ ನೀರಿನ ಜೊತೆ ಒಂದು ತಟ್ಟೆ ಒಗ್ಗರಣೆ ಮಂಡಕ್ಕಿಯನ್ನೂ ತಂದಿಟ್ಟು ಎದುರು ಕೂತರು. ನಾನು ಸಹಜವೆಂಬಂತೆ ಹಳೆಯ ಲ್ಯಾಬಿನ ಮಾತು ತೆಗೆದೆ. ಆರು ವರ್ಷ ಇದ್ದ ಕೆಲಸ ಯಾಕೆ ಬಿಟ್ಟಳು ಎಂದು ಕೇಳಿದೆ.

“ಬಿಡಿಸಿದ್ದೇ ನಾನ್ರಿ” ಎಂದರು. “ಮಾಡದ ಟೆಸ್ಟಿಗೆ ಸೈನ್ ಹಾಕು ಅಂದ್ರಂತೆ. ಮನೆಗೆ ಬಂದು ಊಟ ಬಿಟ್ಟು ಕೂತ್ಲು. ಸೈನ್ ಹಾಕಬ್ಯಾಡ, ಕೆಲಸ ಹೋದ್ರ ಹೋಗ್ಲಿ ಅಂದೆ. ಮರುದಿನಾನ ಬಿಟ್ಟು ಬಂದ್ಲು. ಆಮ್ಯಾಲೆ ಊರ ತುಂಬ ಅಕಿ ಮ್ಯಾಲೇ ಸುದ್ದಿ ಆತು. ನೀವು ಅದನ್ನೆಲ್ಲ ಕೇಳದೆ ಅಕಿನ್ನ ತಗೊಂಡ್ರಿ. ನಿಮ್ಮ ಋಣ ದೊಡ್ಡದ್ರಿ.”

ನಾನು ಮಂಡಕ್ಕಿಯ ತಟ್ಟೆಯನ್ನು ಕೆಳಗಿಟ್ಟೆ. ತಾಯಿ ಮಗಳ ಪರವಾಗಿ ಹೇಳುವುದು ಸಹಜವೇ ಎಂದು ಮನಸ್ಸಿನ ಒಂದು ಮೂಲೆ ಆಗಲೂ ಹೇಳುತ್ತಿತ್ತು.

ನಾಗವೇಣಿ ಒಳಗಿನಿಂದ ಶಾಲು ಹೊದ್ದು ಬಂದಳು. ಕೈಯಲ್ಲಿ ಪ್ರಿಂಟ್ ತೆಗೆದ ಹಾಳೆಗಳಿದ್ದವು. ತಾಯಿಯನ್ನು ಚಹಾ ಮಾಡಲು ಒಳಗೆ ಕಳಿಸಿ ನನ್ನೆದುರು ಕೂತಳು.

“ಫ್ರಿಡ್ಜ್ ನೋಡಿದ್ರಾ ಮೇಡಂ?” ಎಂದಳು. ಒಳಕೋಣೆಯಿಂದ ಅವಳಿಗೆ ಎಲ್ಲ ಕಾಣುತ್ತಿತ್ತು.

ನಾನು ಬದಲಿಗೆ ಕೇಳಿದೆ: “ಹನ್ನೆರಡು ಟ್ಯೂಬ್ ಎಲ್ಲಿ?”

“ಪೆಥಾಲಜಿಯವರ ಫ್ರೀಜರಿನಾಗೆ ಅದಾವೆ. ನಮ್ಮದರ ಬಾಗಿಲ ರಬ್ಬರ್ ಸಡಿಲಾಗಿ ಮ್ಯಾಲಿನ ಅಂಕಣ ಬೆಚ್ಚಗಾಗಿತ್ತು. ಮ್ಯಾಲಿನ ಸಾಲಿನವು ಹನ್ನೆರಡನ್ನ ಅಲ್ಲಿಟ್ಟೆ. ಅವರ ರಿಜಿಸ್ಟರಿನಾಗೆ ಸೈನ್ ಐತೆ. ಪೆಟ್ಟಿಗೆ ಮುಚ್ಚಳದ ಒಳಗೂ ಬರೆದು ಅಂಟಿಸೀನಿ. ನೀವು ಮುಚ್ಚಳ ನೋಡ್ಲಿಲ್ವಾ?”

ನಾನು ಮುಚ್ಚಳವನ್ನು ಪಕ್ಕಕ್ಕಿಟ್ಟಿದ್ದೆ. ಎಣಿಸುವುದರ ಮೇಲೆಯೇ ನನ್ನ ಗಮನವಿತ್ತು.

ನಂತರ ಅವಳು ಹಾಳೆಗಳನ್ನು ಚಾಪೆಯ ಮೇಲೆ ಹರಡಿದಳು. ಜ್ವರದಲ್ಲಿ ಮಲಗಿದ್ದಾಗ ತಾಯಿಯ ಫೋನಿನಲ್ಲಿ ಹುಡುಕಿ, ಜ್ವರ ಇಳಿದ ಮೇಲೆ ಓಣಿಯ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ್ದಳು. ನಾವು ಬಳಸುತ್ತಿದ್ದ ನಕ್ಷೆಯಲ್ಲಿ ಆ ಬಾಣದ ಮೇಲೆ ಕ್ಲಿಕ್ ಮಾಡಿದರೆ ಎರಡು ಆಧಾರ ಕಾಣುತ್ತಿದ್ದವು. ಒಂದು, ಇತರರ ಕೆಲಸವನ್ನು ಸಂಗ್ರಹಿಸಿ ಬರೆದ ಸಮೀಕ್ಷಾ ಲೇಖನ. ಇನ್ನೊಂದು, ಬೇರೊಂದು ದೇಶದ ಇನ್ನೊಂದು ಡೇಟಾಬೇಸ್. ಆ ಡೇಟಾಬೇಸಿಗೆ ಹೋಗಿ ನೋಡಿದರೆ ಅದು ಆಧಾರವೆಂದು ತೋರಿಸುತ್ತಿದ್ದದ್ದು ನಮ್ಮ ಮೊದಲ ಡೇಟಾಬೇಸನ್ನೇ.

“ಇವರು ಅವರನ್ನ ನೋಡಿ ಬರೆದಾರೆ, ಅವರು ಇವರನ್ನ ನೋಡಿ ಬರೆದಾರೆ” ಎಂದಳು. “ಪ್ರಯೋಗ ಮಾಡಿದೋರು ಎಲ್ಲಿ ಮೇಡಂ?”

ಉಳಿದದ್ದು ಸಮೀಕ್ಷಾ ಲೇಖನ. ಅದು ಒಂದು ಹಳೆಯ ಪ್ರಬಂಧವನ್ನು ಹೆಸರಿಸಿತ್ತು. ಆ ಪ್ರಬಂಧ ಇಂಟರ್‌ನೆಟ್ಟಿನಲ್ಲಿ ಪೂರ್ತಿ ಸಿಗುತ್ತಿರಲಿಲ್ಲ.

ಆ ಹೊತ್ತಿಗೂ ನಾನು ನಂಬಿರಲಿಲ್ಲ. ಸಿಕ್ಕಿಬಿದ್ದವರು ಬೇರೆಯವರತ್ತ ಬೆರಳು ತೋರಿಸುವುದು ಹೊಸದಲ್ಲ. ಜಗತ್ತಿನ ಅಷ್ಟೊಂದು ಜನ ದಿನಾ ನೋಡುವ ನಕ್ಷೆಯಲ್ಲಿ ತಪ್ಪಿದೆ, ಅದು ಇಷ್ಟು ವರ್ಷ ಯಾರಿಗೂ ಕಾಣದೆ ಹರಿಹರದ ಈ ಹುಡುಗಿಗೆ ಕಂಡಿತು ಎಂದರೆ ಒಪ್ಪುವುದು ಹೇಗೆ? ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅವಳು ಅದನ್ನು ನನ್ನ ಮುಖದಲ್ಲಿ ಓದಿಕೊಂಡಳು.

“ನೀವೇ ಟ್ಯೂಬಿಗೆ ಕೋಡ್ ಹಾಕ್ರಿ” ಎಂದಳು. “ಯಾವುದು ಯಾರದು ಅಂತ ನನಗೆ ಹೇಳಬ್ಯಾಡ್ರಿ. ಕುರುಡಾಗಿ ಮಾಡಿಕೊಡ್ತೀನಿ. ಅದ್ರಾಗೂ ಸರಿ ಬರ್ಲಿಲ್ಲ ಅಂದ್ರೆ ನಾನೇ ಬಿಟ್ಟು ಹೋಗ್ತೀನಿ.”

ದಾವಣಗೆರೆಗೆ ಮರಳಿದವಳೇ ಫ್ರೀಜರಿನ ಪೆಟ್ಟಿಗೆ ತೆಗೆದೆ. ಮುಚ್ಚಳದ ಒಳಗೆ ಅಂಟಿಸಿದ್ದ ಚೀಟಿಯಲ್ಲಿ ಅವಳ ಸಣ್ಣ ಅಕ್ಷರದಲ್ಲಿ ಹನ್ನೆರಡು ಟ್ಯೂಬಿನ ನಂಬರುಗಳೂ ದಿನಾಂಕವೂ ಇದ್ದವು. ಪೆಥಾಲಜಿಯ ರಿಜಿಸ್ಟರಿನಲ್ಲಿ ಅದೇ ದಿನದ ಸಹಿ ಇತ್ತು.

ಸೋಮವಾರದಿಂದ ಪ್ರಯೋಗ ಆರಂಭವಾಯಿತು. ಇಪ್ಪತ್ತು ರೋಗಿಗಳ ಚೂರುಗಳನ್ನು ಆರಿಸಿ, ಹಳೆಯ ಚೀಟಿ ತೆಗೆದು, ನನ್ನದೇ ನಂಬರು ಹಾಕಿದೆ. ಯಾವ ನಂಬರು ಯಾರದೆಂದು ಬರೆದ ಹಾಳೆಯನ್ನು ಲಕೋಟೆಗೆ ಹಾಕಿ, ಅಂಟಿಸಿ, ಶಂಕರಮೂರ್ತಿಯವರ ಬೀರುವಿನಲ್ಲಿಟ್ಟೆ. ಅವಳಿಗೆ ಹೇಳದೆ ಒಂದು ಬಲೆಯನ್ನೂ ಒಡ್ಡಿದೆ. ನಾಲ್ವರು ರೋಗಿಗಳ ಚೂರಿಗೆ ಎರಡೆರಡು ಬೇರೆ ನಂಬರು ಕೊಟ್ಟು, ಒಟ್ಟು ಇಪ್ಪತ್ತನಾಲ್ಕು ಟ್ಯೂಬ್ ಮಾಡಿದೆ. ಅಂಕಿಗಳನ್ನು ಮನಸ್ಸಿನಿಂದ ಬರೆಯುವವರಿಗೆ ಯಾವ ಎರಡು ಒಂದೇ ಎಂದು ಗೊತ್ತಾಗುವುದು ಸಾಧ್ಯವಿಲ್ಲ. ಆಂಟಿಬಾಡಿಯದೇ ದೋಷವಿರಬಹುದೆಂದು ಬೇರೆ ಕಂಪನಿಯದನ್ನೂ ತರಿಸಿದೆ. ಅವಳು ಕೆಲಸ ಮಾಡುವಾಗಲೆಲ್ಲ ನಾನು ಹಿಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದೆ.

ಎಂಟನೇ ದಿನ ಮಧ್ಯಾಹ್ನ ಅವಳು ಫಲಿತಾಂಶದ ಹಾಳೆ ತಂದುಕೊಟ್ಟಳು. ಕೊಟ್ಟು, ಹಾಳೆಯ ಮೇಲೆ ಬೆರಳಿಟ್ಟು ಹೇಳಿದಳು: “ಏಳು ಮತ್ತು ಹತ್ತೊಂಬತ್ತು ಒಬ್ಬರದೇ ಇರಬೇಕು ಮೇಡಂ. ಮೂರು ಮತ್ತು ಇಪ್ಪತ್ತೆರಡೂ ಹಂಗೇ ಕಾಣ್ತಾವೆ. ಇನ್ನೂ ಎರಡು ಜೋಡಿ ಅದಾವೇನೋ, ಖಾತ್ರಿ ಇಲ್ಲ.”

ಶಂಕರಮೂರ್ತಿಯವರು ಲಕೋಟೆ ಒಡೆದು ಒಂದೊಂದೇ ನಂಬರು ಓದಿದರು. ನಾನು ಗುರುತು ಹಾಕುತ್ತ ಹೋದೆ. ನಾಲ್ಕೂ ಜೋಡಿಗಳು ಒಂದಕ್ಕೊಂದು ಕೂಡಿದವು. ಇಪ್ಪತ್ತು ರೋಗಿಗಳಲ್ಲಿ ಹದಿನೆಂಟು ಮಂದಿಯಲ್ಲಿ ‘ಕ’ ಹೆಚ್ಚಿದ್ದಲ್ಲಿ ‘ಗ’ ಕಡಿಮೆ. ಎರಡೂ ಆಂಟಿಬಾಡಿಗಳು ಒಂದೇ ಮಾತು ಹೇಳಿದ್ದವು.

ಶಂಕರಮೂರ್ತಿಯವರು ಕನ್ನಡಕ ತೆಗೆದು, “ಹಂಗಾದ್ರೆ ನಾವು ಹಚ್ಚಬೇಕಂತಿದ್ದ ಮುಲಾಮು…” ಎಂದು ನಿಲ್ಲಿಸಿದರು. ‘ಕ’ವನ್ನು ಹೆಚ್ಚಿಸುವ ಮುಲಾಮು ಆ ಹುಣ್ಣುಗಳಲ್ಲಿ ‘ಗ’ವನ್ನು ಇನ್ನಷ್ಟು ತಗ್ಗಿಸುವ ಸಂಭವವಿತ್ತು. ಹಾಗಾಗಿದ್ದರೆ ಮಾಯಬೇಕಾದ ಕಾಲನ್ನು ನಾವೇ ಮಾಯದಂತೆ ಮಾಡುತ್ತಿದ್ದೆವು. ಅವರು ಅಂದೇ ಎರಡನೇ ಹಂತದ ಅರ್ಜಿಯನ್ನು ತಡೆಹಿಡಿದರು. ಹೊರಡುವಾಗ ನಾಗವೇಣಿಯ ಮುಂದೆ ನಿಂತು, “ನಿನ್ನ ಬಗ್ಗೆ ಮೇಡಂ ಹತ್ರ ನಾ ಆಡಬಾರದ ಮಾತು ಆಡೀನಿ ತಾಯಿ. ತಪ್ಪಾತು” ಎಂದರು. ಅಷ್ಟು ನೇರವಾಗಿ ಹೇಳುವ ಧೈರ್ಯ ಆ ಹೊತ್ತು ನನಗೆ ಬರಲಿಲ್ಲ.

ಹಳೆಯ ಪ್ರಬಂಧ ಸಿಕ್ಕಿದ್ದು ಮರುವಾರ. ಬೆಂಗಳೂರಿನ ಗ್ರಂಥಾಲಯವೊಂದರಲ್ಲಿ ಕೆಲಸ ಮಾಡುವ ನನ್ನ ಸಹಪಾಠಿ ಹಳೆಯ ಸಂಪುಟ ಹುಡುಕಿ ಸ್ಕ್ಯಾನ್ ಮಾಡಿ ಕಳಿಸಿದಳು. ನಾನು ಮತ್ತು ನಾಗವೇಣಿ ಒಂದೇ ಪರದೆಯ ಮುಂದೆ ಕೂತು ಓದಿದೆವು. ಪ್ರಯೋಗ ಒಳ್ಳೆಯದೇ, ತೀರ್ಮಾನವೂ ಸರಿಯೇ. ಆದರೆ ಅದು ನಮ್ಮ ‘ಕ’ ಅಲ್ಲ. ಆ ಕಾಲದಲ್ಲಿ ಎರಡು ಬೇರೆ ಬೇರೆ ಪ್ರೋಟೀನುಗಳನ್ನು ಒಂದೇ ಮೂರಕ್ಷರದ ಕಿರುಹೆಸರಿನಿಂದ ಕರೆಯುತ್ತಿದ್ದರು. ಒಂದೇ ಓಣಿಯಲ್ಲಿ ಇಬ್ಬರು ಬಸವರಾಜರಿದ್ದ ಹಾಗೆ. ಮುಂದೆ ಒಂದಕ್ಕೆ ಹೆಸರು ಬದಲಾಯಿತು. ಸಮೀಕ್ಷೆ ಬರೆದವರು ಹಳೆಯ ಹೆಸರನ್ನು ಕಂಡು ನಮ್ಮ ‘ಕ’ ಎಂದುಕೊಂಡರು. ಮೊದಲ ಡೇಟಾಬೇಸ್ ಸಮೀಕ್ಷೆಯನ್ನು ನಂಬಿ ಬಾಣ ಬರೆಯಿತು. ಎರಡನೆಯದು ಮೊದಲನೆಯದನ್ನು ನಂಬಿತು. ಎರಡನೆಯದರಲ್ಲೂ ಇದೆಯಲ್ಲ ಎಂದು ಮೊದಲನೆಯದು ಅದನ್ನು ಇನ್ನೊಂದು ಆಧಾರವಾಗಿ ಸೇರಿಸಿಕೊಂಡಿತು. ಯಾರೂ ಮೋಸ ಮಾಡಿರಲಿಲ್ಲ. ಯಾರೂ ಬುಡದವರೆಗೆ ಹೋಗಿರಲಿಲ್ಲ, ಅಷ್ಟೆ.

ನಾಗವೇಣಿ ಡೇಟಾಬೇಸಿನವರಿಗೆ ಪತ್ರ ಬರೆದಳು. ಇಂಥ ಸಂಸ್ಥೆಗಳಲ್ಲಿ ನಕ್ಷೆಗಳನ್ನು ತಿದ್ದುವ, ಕ್ಯುರೇಟರ್ ಎಂದು ಕರೆಯುವ ವಿಜ್ಞಾನಿಗಳಿರುತ್ತಾರೆ. ಒಂಬತ್ತು ದಿನಕ್ಕೆ ಉತ್ತರ ಬಂತು. ಪರಿಶೀಲಿಸುತ್ತೇವೆ, ಮೂಲ ಪ್ರಬಂಧ ಕಳಿಸಿ ಎಂದು ಕೇಳಿದ್ದರು. ನಾಲ್ಕು ತಿಂಗಳ ನಂತರ ಬಾಣವನ್ನು ತೆಗೆದರು. ಬದಲಾವಣೆಗಳ ಪಟ್ಟಿಯಲ್ಲಿ, ಸೂಚಿಸಿದವರು ಎಂಬಲ್ಲಿ ಅವಳ ಹೆಸರು ಹಾಕಿದ್ದರು. ಎರಡನೇ ಡೇಟಾಬೇಸಿನವರು ಉತ್ತರಿಸಲಿಲ್ಲ. ನಾನು ಕೊನೆಯ ಸಲ ನೋಡಿದಾಗಲೂ ಅಲ್ಲಿ ಬಾಣ ಹಾಗೇ ಇತ್ತು.

ಪ್ರಗತಿ ಪರಿಶೀಲನಾ ಸಭೆ ಏಪ್ರಿಲ್‌ಗೆ ಮುಂದೆ ಹೋಗಿತ್ತು. ಸಮಿತಿಯ ಐವರ ಎದುರು ನಾನು ವರದಿ ಓದಿದೆ. ‘ತೃಪ್ತಿಕರ’ ಎಂದು ಓದಿ ಕೂರಬಹುದಿತ್ತು. ಕೂರಲಾಗಲಿಲ್ಲ. ಈ ವಿದ್ಯಾರ್ಥಿನಿಯನ್ನು ನಾನು ಆಧಾರವಿಲ್ಲದೆ ಶಂಕಿಸಿದೆ, ಲ್ಯಾಬಿನಿಂದ ಹೊರಗಿಟ್ಟೆ, ಮನೆಯವರೆಗೂ ಹೋಗಿ ತಪಾಸಣೆ ಮಾಡಿದೆ, ಅದು ನನ್ನ ತಪ್ಪು ಎಂದು ಹೇಳಿದೆ. ನಾಗವೇಣಿ ತಲೆ ತಗ್ಗಿಸಿ ಕೂತಿದ್ದಳು.

ಅಲ್ಲಿಗೆ ಎಲ್ಲವೂ ಸರಿಹೋಯಿತೆಂದು ನಾನು ಭಾವಿಸಿದ್ದೆ. ಜೂನ್‌ನಲ್ಲಿ ಒಂದು ದಿನ ಅವಳು ನನ್ನ ಕೋಣೆಗೆ ಬಂದು ಒಂದು ಅರ್ಜಿ ಮುಂದಿಟ್ಟಳು. ಮಾರ್ಗದರ್ಶಕರನ್ನು ಬದಲಾಯಿಸಬೇಕೆಂಬ ಅರ್ಜಿ. ನನ್ನ ಸಹಿ ಬೇಕಿತ್ತು.

“ಸಿಟ್ಟೇನು?” ಎಂದು ಕೇಳಿದೆ.

“ಸಿಟ್ಟಿಲ್ಲ ಮೇಡಂ. ನೀವು ಸಭೆಯಾಗೆ ಹೇಳಿದ್ದು ಅವ್ವಗೂ ಹೇಳೀನಿ” ಎಂದಳು. ಎಂದಿನಂತೆ ಒಂದು ಕ್ಷಣ ತಡೆದು ಮುಂದುವರಿಸಿದಳು: “ಆದ್ರೆ ನೀವು ಹಿಂದೆ ಬಂದು ನಿಂತ್ರೆ ನನ್ನ ಕೈ ನಡುಗ್ತಾವು. ಎಂಟು ದಿನ ಕೂತಿದ್ರಲ್ಲ, ಅವತ್ತಿನಿಂದ. ಪಿಪೆಟ್ ಹಿಡಿಯೋ ಕೆಲಸ ನಡುಗೋ ಕೈಯಾಗೆ ಆಗಲ್ಲರಿ.”

ನಾನು ಸಹಿ ಹಾಕಿದೆ. ಅವಳು ಬೇರೆ ಪ್ರಾಧ್ಯಾಪಕರ ಬಳಿ ಪಿಎಚ್‌.ಡಿ. ಮುಗಿಸಿದಳು. ಅವಳ ಮಹಾಪ್ರಬಂಧದ ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರೂ ಇದೆ, ಆರನೆಯ ಸಾಲಿನಲ್ಲಿ. ನ್ಯಾಯವಾಗಿಯೇ ಇದೆ.

ಅನುಮಾನ ನಮ್ಮ ವೃತ್ತಿಯ ಉಪಕರಣ. ಅದಿಲ್ಲದೆ ವಿಜ್ಞಾನವಿಲ್ಲ. ಆದರೆ ಆ ಮೂರು ವಾರ ನಾನು ಅದನ್ನು ತಿರುಗಿಸಿದ್ದು ಕರೆದರೆ ಬಂದು ನಿಲ್ಲುವವಳ ಮೇಲೆ, ಬೀಗದ ಕೈ ಕೇಳಿದರೆ ಕೊಟ್ಟು ಹೋಗುವವಳ ಮೇಲೆ. ಮುಖವಿಲ್ಲದ, ದೂರದ ಪರದೆಯ ಮೇಲಿನ ಗೆರೆಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಕೇಳಲು ಬೇಕಿದ್ದದ್ದು ಒಂದು ಕ್ಲಿಕ್. ಹೆಚ್ಚು ಜನ ನಂಬಿದ್ದನ್ನು ಹೆಚ್ಚು ಜನ ನೋಡಿದ್ದಾರೆ ಎಂದು ತಿಳಿಯುವುದು ತಪ್ಪು ಎಂದು ಈ ಪ್ರಕರಣ ಕಲಿಸಿತು. ಅದಕ್ಕಿಂತ ದೊಡ್ಡ ಪಾಠ ಇನ್ನೊಂದು. ಡೇಟಾಬೇಸಿನ ತಪ್ಪು ಬಾಣವನ್ನು ನಾಲ್ಕು ತಿಂಗಳಲ್ಲಿ ಅಳಿಸಬಹುದು. ಮನುಷ್ಯರ ಮೇಲೆ ಎಳೆದ ಗೆರೆಯನ್ನು ತಪ್ಪಾಯಿತೆಂದು ಒಪ್ಪಿಕೊಂಡ ಮಾತ್ರಕ್ಕೆ ಅಳಿಸಲಾಗುವುದಿಲ್ಲ. ಅದು ಅವರ ಕೈಯಲ್ಲಿ ನಡುಕವಾಗಿ ಉಳಿಯುತ್ತದೆ.